ಎರಡನೇ ಆಲ್ಬಂ ಬಂದ ವಾರ: ಕೇಳುಗರ ತೀರ್ಪುಗಳು ಯಾಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ?

ಮೊದಲ ಆಲ್ಬಂನಲ್ಲೇ ಮನೆಮಾತಾದ ಪಾಪ್ ಗಾಯಕಿಯೊಬ್ಬರ ಎರಡನೇ ಆಲ್ಬಂ ಮೂರ್ನಾಲ್ಕು ವರ್ಷ ಕಾಯಿಸಿ ಬಿಡುಗಡೆಯಾಗುತ್ತದೆ. ಆ ವಾರದ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ಗೊಂದಲವೇ ಹೆಚ್ಚು. ಮಾರಾಟದ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನದಲ್ಲಿದೆ, ವಿಮರ್ಶಕರು ಹೊಗಳಿದ್ದಾರೆ, ಆದರೆ ಕೇಳುಗರು ಕೊಟ್ಟ ಅಂಕ ಮಾತ್ರ ಸಾಧಾರಣ. ‘ನಿರಾಸೆ’ ಎನ್ನುವವರಷ್ಟೇ ಜನ ‘ಮೊದಲಿನದಕ್ಕಿಂತ ನೂರು ಪಾಲು ಮೇಲು’ ಎನ್ನುತ್ತಿರುತ್ತಾರೆ. ಮರುವಾರ ಅದೇ ಆಲ್ಬಂ ಪಟ್ಟಿಯಲ್ಲಿ ಸರಸರನೆ ಕೆಳಗಿಳಿಯುತ್ತದೆ. ಗೆದ್ದಿತೇ, ಸೋತಿತೇ?

ಇದಕ್ಕೆ ನ್ಯೂಜಿಲೆಂಡ್‌ನ ಗಾಯಕಿ ಲಾರ್ಡ್ ಅವರ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ. 2013ರ ಅವರ ಮೊದಲ ಆಲ್ಬಂ ಅಮೆರಿಕದ ವಾರದ ಆಲ್ಬಂ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ಮೂರನೇ ಸ್ಥಾನದವರೆಗೆ ಏರಿತ್ತು. ಅದರ ‘ರಾಯಲ್ಸ್’ ಹಾಡು ಬಿಡಿ ಹಾಡುಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ನಾಲ್ಕು ವರ್ಷದ ನಂತರ, 2017ರ ಜೂನ್‌ನಲ್ಲಿ ಬಂದ ‘ಮೆಲೊಡ್ರಾಮಾ’ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇ ಬಂತು, ವರ್ಷದ ಆಲ್ಬಂ ವಿಭಾಗದಲ್ಲಿ ಗ್ರ್ಯಾಮಿ ನಾಮನಿರ್ದೇಶನವನ್ನೂ ಪಡೆಯಿತು. ಆದರೆ ಅದರ ಮೊದಲ ಹಾಡು ‘ಗ್ರೀನ್ ಲೈಟ್’ 19ನೇ ಸ್ಥಾನ ದಾಟಲಿಲ್ಲ. ಹಾಡಿನ ಪಟ್ಟಿ ನೋಡಿದವರು ಸೋಲು ಎಂದರು, ಆಲ್ಬಂ ಪಟ್ಟಿ ನೋಡಿದವರು ಗೆಲುವು ಎಂದರು. ಇಬ್ಬರ ಲೆಕ್ಕವೂ ಸರಿಯೇ. ಅವರು ಉತ್ತರಿಸುತ್ತಿದ್ದ ಪ್ರಶ್ನೆ ಮಾತ್ರ ಬೇರೆ ಬೇರೆ.

ಮೊದಲ ವಾರದ ಅಂಕಿಗಳು ಹೇಳುವುದು ಯಾರ ಕತೆ?

ಬಿಲ್‌ಬೋರ್ಡ್‌ನ ವಾರ ಶುಕ್ರವಾರದಿಂದ ಗುರುವಾರದವರೆಗೆ. 2015ರ ಜುಲೈನಿಂದ ಹೊಸ ಆಲ್ಬಂಗಳು ಜಗತ್ತಿನ ಬಹುಪಾಲು ಕಡೆ ಶುಕ್ರವಾರವೇ ಬಿಡುಗಡೆಯಾಗುತ್ತಿವೆ. ಹಾಗಾಗಿ ಆಲ್ಬಂಗೆ ಪೂರ್ತಿ ಏಳು ದಿನ ಸಿಗುತ್ತದೆ. ಲೆಕ್ಕಕ್ಕೆ ಬರುವುದು ಮೂರು ಬಾಬತ್ತು: ಇಡಿಯಾಗಿ ಮಾರಾಟವಾದ ಪ್ರತಿಗಳು, ಬಿಡಿಯಾಗಿ ಮಾರಾಟವಾದ ಹಾಡುಗಳು (ಹತ್ತು ಹಾಡು ಸೇರಿ ಒಂದು ಆಲ್ಬಂ), ಮತ್ತು ಸ್ಟ್ರೀಮಿಂಗ್. 2018ರಿಂದ 2025ರ ಕೊನೆಯವರೆಗೆ ಇದ್ದ ಸೂತ್ರದಂತೆ ಚಂದಾದಾರರು 1,250 ಸಲ ಕೇಳಿದರೆ, ಇಲ್ಲವೇ ಜಾಹೀರಾತಿನ ಜೊತೆ ಉಚಿತವಾಗಿ 3,750 ಸಲ ಕೇಳಿದರೆ ಒಂದು ಆಲ್ಬಂ ಮಾರಿದಂತೆ ಲೆಕ್ಕವಾಗುತ್ತಿತ್ತು. ಈ ಅನುಪಾತ ಆಗಾಗ ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ.

ಗಮನಿಸಬೇಕಾದದ್ದು ಮುಂಗಡ ಖರೀದಿ. ತಿಂಗಳುಗಟ್ಟಲೆ ಮೊದಲೇ ಕಾದಿರಿಸಿದ ಸಿ.ಡಿ., ವಿನೈಲ್ ತಟ್ಟೆಗಳು ಗ್ರಾಹಕರಿಗೆ ರವಾನೆಯಾದಾಗ ಲೆಕ್ಕಕ್ಕೆ ಸೇರುತ್ತವೆ. ಅಂದರೆ ಮೂರು ತಿಂಗಳ ಕೊಳ್ಳುವಿಕೆಯ ದೊಡ್ಡ ಪಾಲು ಒಂದೇ ವಾರದಲ್ಲಿ ಬಂದು ಬೀಳುತ್ತದೆ. ಒಂದೇ ಆಲ್ಬಂ ನಾಲ್ಕು ಬಣ್ಣದ ತಟ್ಟೆಗಳಲ್ಲಿ ಬಂದಾಗ ಒಬ್ಬ ಅಭಿಮಾನಿ ನಾಲ್ಕನ್ನೂ ಕೊಂಡರೆ ಅದು ನಾಲ್ಕು ಮಾರಾಟ. ಹೀಗೆ ದುಡ್ಡು ಕೊಟ್ಟವರಲ್ಲಿ ಯಾರೂ ಆ ಹೊತ್ತಿಗೆ ಆಲ್ಬಂ ಪೂರ್ತಿ ಕೇಳಿರುವುದಿಲ್ಲ. ಅವರು ಬೆಲೆ ಕಟ್ಟಿದ್ದು ಮೊದಲ ಆಲ್ಬಂಗೆ, ಅದು ಕೊಟ್ಟ ನಂಬಿಕೆಗೆ. ಎರಡನೇ ಆಲ್ಬಂನ ಮೊದಲ ವಾರದ ಮಾರಾಟವೆಂದರೆ ಬಹುಮಟ್ಟಿಗೆ ಮೊದಲ ಆಲ್ಬಂ ಬಗ್ಗೆ ತಡವಾಗಿ ಬಂದ ತೀರ್ಪು. ಎರಡನೇ ವಾರದ ಕುಸಿತಕ್ಕೂ ಇದೇ ಕಾರಣ: ಕಾದಿರಿಸಿದ ಪ್ರತಿಗಳು ಮುಗಿದಿರುತ್ತವೆ. ಅದನ್ನು ‘ಜನ ತಿರಸ್ಕರಿಸಿದರು’ ಎಂದು ಓದುವುದು ತಪ್ಪು. ಜನ ಹಾಡುಗಳನ್ನು ನಿಜವಾಗಿ ಉಳಿಸಿಕೊಂಡರೇ ಎಂಬುದು ಮೂರನೇ ವಾರದಿಂದಾಚೆಗೆ ತಿಳಿಯುತ್ತದೆ.

ಆರೂವರೆ ಅಂಕದೊಳಗೆ ಏನಿದೆ?

ವಿಮರ್ಶಕರ ಅಂಕದ ವಿಷಯ ಸಣ್ಣದು. ಮೆಟಾಕ್ರಿಟಿಕ್‌ನಂಥ ಸಂಕಲನ ತಾಣಗಳು ಬೇರೆ ಬೇರೆ ಪತ್ರಿಕೆಗಳ ನಕ್ಷತ್ರ, ಅಕ್ಷರ, ಅಂಕಗಳನ್ನೆಲ್ಲ 100ರ ಮಾನಕ್ಕೆ ಇಳಿಸಿ ಸರಾಸರಿ ತೆಗೆಯುತ್ತವೆ, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಡುತ್ತವೆ. ಐದಕ್ಕೆ ಮೂರು ನಕ್ಷತ್ರ ಕೊಟ್ಟ ವಿಮರ್ಶಕರ ಮನಸ್ಸಿನಲ್ಲಿರುವುದು ‘ಚೆನ್ನಾಗಿದೆ’ ಎಂಬ ಮಾತು. ಅದು 60 ಆದ ಕೂಡಲೇ ಓದುವವರ ಕಣ್ಣಿಗೆ ‘ಹೇಗೋ ಪಾಸಾಯಿತು’ ಎಂದು ಕಾಣುತ್ತದೆ.

ಕೇಳುಗರ ಅಂಕದ ತೊಡಕು ಇದಕ್ಕಿಂತ ಆಳದ್ದು. ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಜನರಲ್ಲಿ 650 ಮಂದಿ ಹತ್ತಕ್ಕೆ ಹತ್ತು, 350 ಮಂದಿ ಸೊನ್ನೆ ಕೊಟ್ಟರೆ ಸರಾಸರಿ 6.5. ಐನೂರು ಜನ ಆರು, ಇನ್ನೈನೂರು ಜನ ಏಳು ಕೊಟ್ಟರೂ ಸರಾಸರಿ 6.5. ಮೊದಲನೆಯದು ಜನರನ್ನು ಎರಡು ಹೋಳು ಮಾಡಿದ ಆಲ್ಬಂ, ಎರಡನೆಯದು ಯಾರಿಗೂ ಬೇಸರ ತರದೆ, ಯಾರನ್ನೂ ಹುಚ್ಚೆಬ್ಬಿಸದೆ ಸಾಗಿಹೋದ ಆಲ್ಬಂ. ಪಾಪ್ ಗಾಯಕಿಯರ ಬಹುನಿರೀಕ್ಷಿತ ಆಲ್ಬಂಗಳಲ್ಲಿ ಬಹಳ ಸಲ ಕಾಣುವುದು ಮೊದಲ ಬಗೆ. ಬಿಡುಗಡೆಯಾದ ಗಂಟೆಯೊಳಗೆ ಅಂಕ ಹಾಕಲು ಬರುವವರು ಇಬ್ಬರೇ: ಕಾದು ಕಾದು ಮೊದಲೇ ಒಲಿದವರು, ಮತ್ತು ಆ ಗಾಯಕಿಯನ್ನೋ ಅವರ ಅಭಿಮಾನಿಗಳನ್ನೋ ಸಹಿಸದವರು. ಒಂದೆರಡು ಸಲ ಕೇಳಿ ‘ಪರವಾಗಿಲ್ಲ’ ಅಂದುಕೊಂಡ ಬಹುಸಂಖ್ಯಾತರು ಅಂಕ ಹಾಕುವ ಗೋಜಿಗೇ ಹೋಗುವುದಿಲ್ಲ. ಆದ್ದರಿಂದ ಸರಾಸರಿಯನ್ನು ಬದಿಗಿಟ್ಟು ಹಂಚಿಕೆಯ ಗೆರೆಗಳನ್ನು ನೋಡಬೇಕು. ಎರಡು ತುದಿ ಎತ್ತರ, ನಡು ಖಾಲಿ ಇದ್ದರೆ ಆ ಸರಾಸರಿಗೆ ಅರ್ಥವಿಲ್ಲ.

ಯಾಕೆ ಎರಡನೆಯದಕ್ಕೇ ಈ ಪಾಡು?

ಎರಡನೇ ಆಲ್ಬಂಗೆ ಜನ ಕಾಯುತ್ತಾರೆಂದರೆ ಮೊದಲನೆಯದು ಅಸಾಮಾನ್ಯವಾಗಿ ಗೆದ್ದಿತ್ತು ಎಂದರ್ಥ. ಅಂಥ ಗೆಲುವಿನಲ್ಲಿ ಪ್ರತಿಭೆ ಇರುತ್ತದೆ. ಕಾಲ ಕೂಡಿಬಂದದ್ದೂ ಇರುತ್ತದೆ: ಆ ವರ್ಷ ಕೇಳುಗರು ಯಾವ ಬಗೆಯ ದನಿಗೆ ಹಸಿದಿದ್ದರು, ಯಾವ ಹಾಡು ಯಾವ ವಿಡಿಯೊಗೆ ಅಂಟಿಕೊಂಡು ಹರಡಿತು ಇತ್ಯಾದಿ. ಎರಡನೇ ಸಲ ಪ್ರತಿಭೆ ಅಷ್ಟೇ ಇದ್ದರೂ ಎಲ್ಲ ಸಂಗತಿಗಳೂ ಹಾಗೆಯೇ ಒಟ್ಟಿಗೆ ಬಂದು ಸೇರುವುದು ಅಪರೂಪ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯೆಡೆಗಿನ ಹಿಂಚಲನೆ ಎನ್ನುತ್ತಾರೆ. ಶಿಖರದಿಂದ ಹೊರಟವರಿಗೆ ಮುಂದಿನ ಹೆಜ್ಜೆ ಬಹುತೇಕ ಇಳಿಜಾರಿನಲ್ಲೇ ಬೀಳುತ್ತದೆ, ಅದಕ್ಕೆ ಕಸುಬು ಕೆಡಬೇಕಾಗಿಲ್ಲ. ಹಾಗೆಂದು ಇದು ಹಣೆಬರಹವೂ ಅಲ್ಲ. ಅಡೆಲ್ ಅವರ ಎರಡನೇ ಆಲ್ಬಂ ‘21’ ಬಿಲ್‌ಬೋರ್ಡ್ 200ರಲ್ಲಿ ಒಟ್ಟು 24 ವಾರ ಮೊದಲ ಸ್ಥಾನದಲ್ಲಿತ್ತು, 2012ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿಯನ್ನೂ ಗೆದ್ದಿತು.

ಇನ್ನೊಂದು ಕಾರಣ ಕೆಲಸದ ರೀತಿಗೆ ಸೇರಿದ್ದು. ಮೊದಲ ಆಲ್ಬಂನ ಹಾಡುಗಳು ಹಲವು ವರ್ಷಗಳಲ್ಲಿ ಹುಟ್ಟಿದ ಹತ್ತಾರು ಹಾಡುಗಳಿಂದ ಆಯ್ದವು. ಬಹಳಷ್ಟು ಸಲ ಸಣ್ಣ ವೇದಿಕೆಗಳಲ್ಲಿ ಹಾಡಿ, ಜನ ಎಲ್ಲಿ ದನಿಗೂಡಿಸಿದರು, ಎಲ್ಲಿ ಮಾತಿಗಿಳಿದರು ಎಂದು ನೋಡಿ ತಿದ್ದಿದವು. ಎರಡನೆಯದಕ್ಕೆ ಆ ಸೌಲಭ್ಯ ಇರುವುದಿಲ್ಲ. ಒಂದು-ಒಂದೂವರೆ ವರ್ಷ ಪ್ರವಾಸದ ಕಛೇರಿಗಳಲ್ಲೇ ಕಳೆಯುತ್ತದೆ. ಹೊಸ ಹಾಡನ್ನು ವೇದಿಕೆಯಲ್ಲಿ ಒರೆಗೆ ಹಚ್ಚೋಣವೆಂದರೆ ಮರುಕ್ಷಣವೇ ಅದರ ಮೊಬೈಲ್ ಮುದ್ರಣ ಎಲ್ಲೆಡೆ ಹರಡುತ್ತದೆ. ಹಾಗಾಗಿ ಹಾಡುಗಳು ಜನರ ಮುಂದೆ ಒಮ್ಮೆಯೂ ನಿಲ್ಲದೆ ನೇರ ಸ್ಟುಡಿಯೊದಿಂದ ಹೊರಬರುತ್ತವೆ. ಸಾಹಿತ್ಯವೂ ಬದಲಾಗುತ್ತದೆ. ಶಾಲೆ, ಗೆಳತಿಯರು, ಮೊದಲ ಪ್ರೀತಿ ಎಲ್ಲರಿಗೂ ಗೊತ್ತಿದ್ದ ಲೋಕ. ಖ್ಯಾತಿ ಬಂದ ಮೇಲಿನ ಒಂಟಿತನ, ನಂಬಿಕೆದ್ರೋಹ, ಹೋಟೆಲ್ ಕೋಣೆಗಳು ಗಾಯಕಿಗೆ ಅಷ್ಟೇ ನಿಜವಾದರೂ ಕೇಳುಗರಿಗೆ ದೂರದವು. ‘ಈ ಸಲ ಹಾಡುಗಳು ನಮ್ಮವು ಅನ್ನಿಸಲಿಲ್ಲ’ ಎಂಬ ದೂರಿನ ಬೇರು ಬಹಳ ಸಲ ಇಲ್ಲಿರುತ್ತದೆ, ರಾಗಸಂಯೋಜನೆಯಲ್ಲಲ್ಲ.

‘ಮೊದಲೇ ಬಂದ ಮೂರು ಹಾಡಷ್ಟೇ ಚೆನ್ನ’

ಮೊದಲ ವಾರದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಇದನ್ನು ಎಚ್ಚರದಿಂದ ಓದಬೇಕು.

ಆಲ್ಬಂಗೆ ಮುನ್ನ ಎರಡು ಮೂರು ಹಾಡುಗಳನ್ನು ಒಂದೊಂದಾಗಿ ಬಿಡುವುದು ವಾಡಿಕೆ. ಬಿಡುಗಡೆಯ ದಿನಕ್ಕೆ ಅಭಿಮಾನಿಗಳು ಆ ಹಾಡುಗಳನ್ನು ಮೂವತ್ತು ನಲವತ್ತು ಸಲ ಕೇಳಿರುತ್ತಾರೆ, ಮಿಕ್ಕ ಒಂಬತ್ತು ಹಾಡುಗಳನ್ನು ಒಮ್ಮೆ. ಮನೋವಿಜ್ಞಾನಿ ರಾಬರ್ಟ್ ಜಾಯೊನ್ಸ್ 1968ರಲ್ಲೇ ತೋರಿಸಿದಂತೆ, ಬೇರೆ ಯಾವ ಕಾರಣವೂ ಇಲ್ಲದೆ, ಮತ್ತೆ ಮತ್ತೆ ಎದುರಾಗುವುದರಿಂದಲೇ ಒಂದು ಸಂಗತಿಯ ಮೇಲೆ ಒಲವು ಬೆಳೆಯುತ್ತದೆ. ಸಂಗೀತದಲ್ಲಂತೂ ಇದು ಇನ್ನೂ ಗಟ್ಟಿ. ಪಲ್ಲವಿ ಯಾವಾಗ ಬರುತ್ತದೆಂದು ಕಿವಿಗೆ ಮೊದಲೇ ಗೊತ್ತಿದ್ದರೆ, ಅದು ಬಂದಾಗ ಸಿಗುವ ಸುಖವೇ ಬೇರೆ. ಹಾಗಾಗಿ ಮೊದಲ ದಿನದ ಹೋಲಿಕೆ ಹಾಡು-ಹಾಡಿನ ನಡುವಿನದಲ್ಲ. ಮೂವತ್ತು ಸಲ ಕೇಳಿದ್ದಕ್ಕೂ ಒಮ್ಮೆ ಕೇಳಿದ್ದಕ್ಕೂ ನಡುವಿನದು. ಮೊದಲ ಆಲ್ಬಂನ ಜೊತೆ ಹೋಲಿಸುವವರಿಗೆ ಈ ಅಂತರ ಇನ್ನೂ ದೊಡ್ಡದು, ಅವರು ಆ ಹಾಡುಗಳ ಜೊತೆ ನಾಲ್ಕು ವರ್ಷ ಬದುಕಿರುತ್ತಾರೆ.

ಇದರ ಉಲ್ಟಾ ಬದಿಯೂ ಇದೆ. ಥಟ್ಟನೆ ಹಿಡಿಯುವ ಸರಳ ಹಾಡು ಹೆಚ್ಚು ಕೇಳಿದಷ್ಟೂ ಬೇಗ ಸವೆಯುತ್ತದೆ. ಪದರಗಳು ಹೆಚ್ಚಿರುವ ಹಾಡು ಐದಾರು ಸಲದ ನಂತರವೇ ಬಿಚ್ಚಿಕೊಳ್ಳುತ್ತದೆ. ಮೊದಲ ದಿನ ಕೊನೆಯಲ್ಲಿದ್ದ ಹಾಡು ತಿಂಗಳ ನಂತರ ಮೆಚ್ಚಿನ ಪಟ್ಟಿಯ ತಲೆಯಲ್ಲಿರುವುದು ಇದರಿಂದಲೇ.

ಇಬ್ಬರು ಕೇಳಿದ್ದು ಒಂದೇ ಹಾಡೇ?

ದನಿಯ ಬಗೆಗಿನ ಜಗಳಗಳಲ್ಲಿ ಜನ ಮರೆಯುವ ಸಂಗತಿಯೊಂದಿದೆ: ಇಬ್ಬರ ಕಿವಿಗೆ ತಲುಪಿದ ಶಬ್ದವೇ ಬೇರೆ ಇರಬಹುದು.

2021ರ ಜೂನ್‌ನಿಂದ ಆ್ಯಪಲ್ ಮ್ಯೂಸಿಕ್‌ನಲ್ಲಿ ಹಾಡುಗಳ ಡಾಲ್ಬಿ ಅಟ್ಮಾಸ್ (ಶಬ್ದ ಸುತ್ತಲಿನಿಂದ ಬಂದಂತೆ ಕೇಳಿಸುವ) ಆವೃತ್ತಿಗಳು ಸಿಗುತ್ತಿವೆ. ಅದು ಸ್ಟೀರಿಯೊ ಹಾಡಿಗೆ ಹಚ್ಚಿದ ಪರಿಣಾಮವಲ್ಲ, ಪ್ರತ್ಯೇಕವಾಗಿ ಮಾಡಿದ ಇನ್ನೊಂದು ಮಿಕ್ಸ್, ಅಂದರೆ ದನಿ-ವಾದ್ಯಗಳ ಬೇರೆಯೇ ಜೋಡಣೆ. ಬಹಳ ಸಲ ಬೇರೆ ಎಂಜಿನಿಯರ್ ಮಾಡಿದ್ದು. ಹೊಂದುವ ಹೆಡ್‌ಫೋನ್ ಹಾಕಿದ್ದು, ಸೆಟ್ಟಿಂಗ್ಸ್ ‘ಆಟೊಮ್ಯಾಟಿಕ್’ ಎಂದಿದ್ದರೆ ಕೇಳುಗರಿಗೆ ತಿಳಿಯದಂತೆ ಅದೇ ನುಡಿಯುತ್ತದೆ. ಅದರಲ್ಲಿ ಗಾಯಕಿಯ ದನಿ ತುಸು ಹಿಂದೆ ಸರಿದಂತೆ, ಡ್ರಮ್ಮಿನ ಪೆಟ್ಟು ಮೆತ್ತಗಾದಂತೆ ಕೇಳುವುದುಂಟು. ಜೊತೆಗೆ ಅಟ್ಮಾಸ್ ಮಿಕ್ಸ್‌ನ ಸರಾಸರಿ ಗಟ್ಟಿತನ −18 ಎಲ್‌ಯುಎಫ್‌ಎಸ್ (ಶಬ್ದ ಎಷ್ಟು ಜೋರೆಂಬುದರ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಮೀರಬಾರದೆಂಬ ನಿಯಮವಿದೆ. ಪಾಪ್ ಹಾಡುಗಳ ಸ್ಟೀರಿಯೊ ಮಾಸ್ಟರ್ (ಬಿಡುಗಡೆಗೆ ಸಿದ್ಧಮಾಡಿದ ಅಂತಿಮ ಪ್ರತಿ) −8ರ ಆಸುಪಾಸಿನಲ್ಲಿರುವುದು ಸಾಮಾನ್ಯ. ‘ದನಿ ಹೂತುಹೋಗಿದೆ, ಹಾಡಿನಲ್ಲಿ ಜೀವವಿಲ್ಲ’ ಎಂದವರೂ ‘ದನಿ ಎದುರಿಗೇ ನಿಂತಂತಿದೆ’ ಎಂದವರೂ ತಮಗೆ ಕೇಳಿಸಿದ್ದನ್ನೇ ಪ್ರಾಮಾಣಿಕವಾಗಿ ಹೇಳಿರಬಹುದು.

ಗಟ್ಟಿತನದ್ದೇ ಇನ್ನೊಂದು ಸಮಸ್ಯೆ. ಎರಡು ಹಾಡುಗಳಲ್ಲಿ ಒಂದೆರಡು ಡೆಸಿಬಲ್ ಜೋರಾಗಿರುವುದೇ ಕಿವಿಗೆ ‘ಉತ್ತಮ’ ಎನಿಸುತ್ತದೆ. ಇದನ್ನು ಸರಿದೂಗಿಸಲು ಸ್ಪಾಟಿಫೈ ಎಲ್ಲ ಹಾಡುಗಳನ್ನೂ −14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ಆಲ್ಬಂ ಅನುಕ್ರಮದಲ್ಲಿ ಕೇಳಿದಾಗ ಇಡೀ ಆಲ್ಬಂಗೆ ಒಂದೇ ಹೊಂದಾಣಿಕೆ, ಹಾಗಾಗಿ ಮೆಲುಹಾಡು ಮೆಲ್ಲಗೇ ಉಳಿಯುತ್ತದೆ. ಷಫಲ್‌ನಲ್ಲೋ (ಹಾಡುಗಳನ್ನು ಕಲಸಿ ನುಡಿಸುವ ಆಯ್ಕೆ) ಪ್ಲೇಲಿಸ್ಟ್‌ನಲ್ಲೋ ಕೇಳಿದರೆ ಪ್ರತಿ ಹಾಡಿಗೂ ಬೇರೆ ಹೊಂದಾಣಿಕೆ. ಆಗ ಪಿಸುಗುಟ್ಟುವ ಹಾಡೂ ಕುಣಿತದ ಹಾಡಿನಷ್ಟೇ ಜೋರಾಗುತ್ತದೆ, ಗಾಯಕಿ ಯೋಚಿಸಿ ಜೋಡಿಸಿದ ಏರಿಳಿತ ಅಳಿಸಿಹೋಗುತ್ತದೆ. ‘ಎಲ್ಲ ಹಾಡೂ ಒಂದೇ ಥರ’ ಎನ್ನುವವರಲ್ಲಿ ಕೆಲವರ ದೂರು ಇಲ್ಲಿಂದ ಹುಟ್ಟಿದ್ದು. ಅನುಕ್ರಮ ಅಷ್ಟು ಮುಖ್ಯವೇ ಎನ್ನುವವರು ಒಂದು ಸಂಗತಿ ನೆನೆಯಬೇಕು: 2021ರ ನವೆಂಬರ್‌ನಲ್ಲಿ ಅಡೆಲ್ ಅವರ ಕೋರಿಕೆಯ ಮೇರೆಗೆ ಸ್ಪಾಟಿಫೈ ಆಲ್ಬಂ ಪುಟಗಳ ಮುಖ್ಯ ಗುಂಡಿಯಿಂದ ಷಫಲ್ ತೆಗೆದುಹಾಕಿತು.

ಮೊಬೈಲಿನ ಸ್ಪೀಕರ್ ಬಗ್ಗೆ ಹೇಳುವುದು ಕಡಿಮೆ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರದ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಮೊಬೈಲ್ ಸ್ಪೀಕರಿನಲ್ಲಿ ಆ ಮಟ್ಟದ ಶಬ್ದ ಹೊರಡುವುದೇ ಇಲ್ಲ. ಇಯರ್‌ಬಡ್ ಕಿವಿಯಲ್ಲಿ ಸರಿಯಾಗಿ ಕೂರದಿದ್ದರೂ ಅಷ್ಟೇ, ಬೇಸ್ ಸೋರಿಹೋಗುತ್ತದೆ.

ಮೊದಲು ಮಾತಾಡಿದವರ ಹಿಂದೆ ಉಳಿದವರು

2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅವರ ಪ್ರಯೋಗ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. 14,000ಕ್ಕೂ ಹೆಚ್ಚು ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಲಾಯಿತು. ಕೆಲವರಿಗೆ ತಂಡದ ಮತ್ತು ಹಾಡಿನ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಲೆಕ್ಕ ತೋರಿಸಲಾಯಿತು. ಹಾಡುಗಳು ಅವೇ ಆದರೂ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬದಲಾಯಿತು. ತುಂಬ ಒಳ್ಳೆಯ ಹಾಡು ಕೆಳಗೆ ಬಿದ್ದದ್ದು, ತುಂಬ ಕಳಪೆಯದು ಮೇಲೆ ಬಂದದ್ದು ಅಪರೂಪ. ನಡುವಿನ ಹಾಡುಗಳಿಗೆ ಮಾತ್ರ ಯಾವ ಗತಿಯೂ ಬರಬಹುದಿತ್ತು.

ಹೊಸ ಆಲ್ಬಂನ ಬಹುತೇಕ ಹಾಡುಗಳು ಇರುವುದು ಈ ನಡುವಿನಲ್ಲೇ. ಮೊದಲ ಆರು ಗಂಟೆಯಲ್ಲಿ ‘ನಾಲ್ಕನೇ ಹಾಡು ಬಿಟ್ಟುಬಿಡಿ’ ಎಂಬ ಮಾತು ಹಬ್ಬಿದರೆ ಆಮೇಲೆ ಬಂದವರು ಆ ಹಾಡನ್ನು ಆ ಕಿವಿಯಿಂದಲೇ ಕೇಳುತ್ತಾರೆ, ಬೇಗ ದಾಟಿಸುತ್ತಾರೆ. ದಾಟಿಸಿದ್ದರಿಂದ ಶಿಫಾರಸು ವ್ಯವಸ್ಥೆಯೂ ಅದನ್ನು ಕಡಿಮೆ ಜನರಿಗೆ ತೋರಿಸುತ್ತದೆ. ಕೊನೆಗೆ ಅದು ನಿಜವಾಗಿಯೂ ಕಡಿಮೆ ಕೇಳಿದ ಹಾಡಾಗಿ ಉಳಿಯುತ್ತದೆ, ಮೊದಲ ಮಾತಾಡಿದವರ ಭವಿಷ್ಯ ನಿಜವಾದಂತೆ ತೋರುತ್ತದೆ.

ನಿಜವಾದ ಭಿನ್ನಾಭಿಪ್ರಾಯ

ಇಷ್ಟೆಲ್ಲ ಕಳೆದ ಮೇಲೂ ಒಂದು ಸಾಚಾ ವಾದ ಉಳಿಯುತ್ತದೆ. ಒಂದು ಪಕ್ಷದವರು ಹೇಳುವುದು: ಯಾವ ದನಿಗಾಗಿ ನಾವು ಬಂದೆವೋ ಅದನ್ನು ಬಿಟ್ಟರೆ ನಮಗೆ ಉಳಿದದ್ದೇನು? ಇನ್ನೊಂದು ಪಕ್ಷದವರು: ನಾಲ್ಕು ವರ್ಷ ಕಾದದ್ದು ಅದೇ ಆಲ್ಬಂ ಮತ್ತೆ ಕೇಳಲಿಕ್ಕೇ? ಇಬ್ಬರನ್ನೂ ಒಲಿಸುವ ದಾರಿ ಬಹಳ ಕಿರಿದು. ತಾಳ, ವಾದ್ಯ ಬದಲಿಸಿ ದನಿಯ ಬಳಕೆಯನ್ನೂ ಸಾಹಿತ್ಯದ ಗುಣವನ್ನೂ ಉಳಿಸಿಕೊಂಡವರು ಹೆಚ್ಚಾಗಿ ದಾಟಿದ್ದಾರೆ. ವಾದ್ಯ ಹಾಗೇ ಉಳಿಸಿ ಬರವಣಿಗೆ ತೆಳುವಾದಾಗ ಇಬ್ಬರೂ ಕೈಬಿಡುತ್ತಾರೆ. ಕೇಳುಗರು ಗಾಯಕಿಯನ್ನು ಗುರುತಿಸುವುದು ಸಿಂಥಸೈಜರಿನಿಂದಲ್ಲ, ಒಂದು ಸಾಲನ್ನು ಆಕೆ ಎಲ್ಲಿ ಮುರಿಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದರಿಂದ. ಈ ಲೇಖನದ ಪಕ್ಷವೂ ಅದೇ: ‘ಬದಲಾಗಿದ್ದಾರೆ’ ಎಂಬುದು ದೂರಲ್ಲ, ‘ಬರವಣಿಗೆ ಸಡಿಲವಾಗಿದೆ’ ಎಂಬುದು ದೂರು. ಹೇಳುವವರು ಇವೆರಡನ್ನು ಬೇರ್ಪಡಿಸಿದರೆ ಅಭಿಪ್ರಾಯಕ್ಕೆ ತೂಕ ಬರುತ್ತದೆ.

ತಾವೇ ಅಳೆದು ನೋಡಬೇಕೆನ್ನುವವರಿಗೆ

ಮೊದಲು ಸೆಟ್ಟಿಂಗ್ಸ್‌ನಲ್ಲಿ ಡಾಲ್ಬಿ ಅಟ್ಮಾಸ್ ಆಫ್ ಮಾಡಿ, ಗಟ್ಟಿತನ ಸಮಗೊಳಿಸುವ ‘ನಾರ್ಮಲೈಸೇಷನ್’ ಆನ್ ಇರಲಿ, ಗುಣಮಟ್ಟವನ್ನು ‘ಆಟೊಮ್ಯಾಟಿಕ್’ನಿಂದ ತೆಗೆದು ಸಿಗುವ ಅತಿ ಮೇಲಿನ ಹಂತಕ್ಕೆ ಇಡಿ. ನೆಟ್‌ವರ್ಕ್ ದುರ್ಬಲವಾದಾಗ ಆಟೊಮ್ಯಾಟಿಕ್ ಸದ್ದಿಲ್ಲದೆ ಕೆಳಗಿಳಿಯುತ್ತದೆ, ಆಗ ಡ್ರಮ್ಮಿನ ಜೊತೆಯ ಸಿಂಬಲ್ ತಟ್ಟೆಗಳು ನೀರಿನಲ್ಲಿ ನುಡಿದಂತೆ ಕೇಳುತ್ತವೆ. ಮೊದಲ ಸಲ ಷಫಲ್ ಇಲ್ಲದೆ, ಅನುಕ್ರಮದಲ್ಲಿ, ಯಾವ ಅಭಿಪ್ರಾಯವನ್ನೂ ಓದದೆ ಕೇಳಿ. ಎರಡನೇ ಸಲ ಮುಂಚೆ ಬಂದ ಹಾಡುಗಳನ್ನು ದಾಟಿಸಿ ಹೊಸವನ್ನಷ್ಟೇ ಕೇಳಿ. ಮೂರನೆಯದನ್ನು ಎರಡು ಮೂರು ದಿನ ಬಿಟ್ಟು, ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ನಡುವಿನ ದಿನಗಳಲ್ಲಿ ಯಾವ ಹಾಡಿನ ಸಾಲು ತಾನಾಗಿ ಬಾಯಿಗೆ ಬಂತು ಎಂಬುದನ್ನು ಬರೆದಿಡಿ, ಅಂಕಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಮೊದಲ ಆಲ್ಬಂ ಜೊತೆ ಹೋಲಿಸಲೇಬೇಕೆಂದರೆ ಅದರ ಅತಿ ಜನಪ್ರಿಯ ಹಾಡನ್ನು ಆರಿಸಬೇಡಿ, ಆರನೇ ಏಳನೇ ಹಾಡನ್ನು ಆರಿಸಿ. ಬಹಳ ಜನರಿಗೆ ಆ ಹಾಡುಗಳ ಹೆಸರೂ ನೆನಪಿರುವುದಿಲ್ಲ.

ಮುಂದೇನಾಗುತ್ತದೆ?

ಧ್ವನಿಮುದ್ರಣ ಕಂಪನಿಗಳು ನೋಡುವುದು ಎಷ್ಟು ಜನ ಹಾಡನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡರು, ಎಷ್ಟು ಜನ ಕೊನೆವರೆಗೆ ಕೇಳಿದರು, ಹುಡುಕಿಕೊಂಡು ಬಂದವರೆಷ್ಟು, ಪ್ಲೇಲಿಸ್ಟ್ ತಂದುಕೊಟ್ಟವರೆಷ್ಟು ಎಂಬುದನ್ನು. ಸ್ಪಾಟಿಫೈನಲ್ಲಿ ಒಂದು ಹಾಡು ಕೇಳಿದ ಲೆಕ್ಕಕ್ಕೆ ಸೇರಲು 30 ಸೆಕೆಂಡ್ ಸಾಕು. ಹೀಗಾಗಿ ಪೀಠಿಕೆ ಮೊಟಕಾಗುತ್ತದೆ, ಪಲ್ಲವಿ ಮುಂದಕ್ಕೆ ಬರುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳುವ ಹಾಡಿಗೆ ಜಾಗ ಕಡಿಮೆಯಾಗುತ್ತದೆ. ಆರನೇ ವಾರಕ್ಕೆ ಕೇಳುವಿಕೆ ಇಳಿದರೆ ನಾಲ್ಕೈದು ಹೆಚ್ಚುವರಿ ಹಾಡುಗಳ ‘ಡೀಲಕ್ಸ್’ ಆವೃತ್ತಿ ಬರುತ್ತದೆ. ಅನುಕ್ರಮಕ್ಕೆ ಬೆಲೆ ಕೊಡುವವರಿಗೆ ಅದು ಆಲ್ಬಂನ ಅಂತ್ಯವನ್ನೇ ಕೆಡಿಸಿದಂತೆ.

ವಿಮರ್ಶೆಗೆ ಆಗುವ ಹಾನಿ ಇನ್ನೂ ಗಂಭೀರ. 2024ರ ಏಪ್ರಿಲ್‌ನಲ್ಲಿ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಂ ಬಗ್ಗೆ ಕಟುವಾಗಿ ಬರೆದ ವಿಮರ್ಶೆಯನ್ನು ಅಮೆರಿಕದ ಪೇಸ್ಟ್ ಪತ್ರಿಕೆ ಬರೆದವರ ಹೆಸರಿಲ್ಲದೆ ಪ್ರಕಟಿಸಿತು. 2019ರಲ್ಲಿ ಅದೇ ಗಾಯಕಿಯ ಆಲ್ಬಂ ವಿಮರ್ಶಿಸಿದ್ದವರಿಗೆ ಬೆದರಿಕೆ ಬಂದಿತ್ತೆಂದು ಪತ್ರಿಕೆ ಕಾರಣ ಕೊಟ್ಟಿತು. ಹೆಸರು ಹಾಕಿ ಬರೆಯಲು ಹೆದರುವ ಕಡೆ ಎಂಟು ಅಂಕದ ಸುರಕ್ಷಿತ ಹೊಗಳಿಕೆಯಷ್ಟೇ ಬೆಳೆಯುತ್ತದೆ. ಅದರಿಂದ ಕೇಳುಗರಿಗೂ ಗಾಯಕಿಗೂ ಪ್ರಯೋಜನವಿಲ್ಲ.

ಇನ್ನು ಮೂರನೇ ಆಲ್ಬಂ. ಮೊದಲ ತಿಂಗಳ ತೀರ್ಪನ್ನೇ ಅಂತಿಮವೆಂದುಕೊಂಡ ಕಲಾವಿದರು ಪ್ರಯೋಗ ಬಿಟ್ಟು ಹಳೆಯ ದಾರಿಗೆ ಮರಳುವುದುಂಟು. ಪಾಪ್ ಗಾಯಕಿಯರ ಲೋಕದಿಂದ ಆಚೆಗಿನದಾದರೂ ರಾಕ್ ತಂಡ ವೀಜರ್‌ನ ಎರಡನೇ ಆಲ್ಬಂ ‘ಪಿಂಕರ್ಟನ್’ ಇದಕ್ಕೆ ಸ್ಪಷ್ಟ ಸಾಕ್ಷಿ. 1996ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಅದನ್ನು ವರ್ಷದ ಅತಿ ಕಳಪೆ ಆಲ್ಬಂಗಳ ಸಾಲಿಗೆ ಸೇರಿಸಿದರು. ತಂಡದ ಮುಂದಿನ ಆಲ್ಬಂ ಬಂದದ್ದು 2001ರಲ್ಲಿ, ಗಾಯಕ ರಿವರ್ಸ್ ಕ್ವೋಮೊ ಅದರಲ್ಲಿ ತಮ್ಮ ಬದುಕನ್ನು ತೆರೆದಿಡುವ ಸಾಹಿತ್ಯವನ್ನು ಬೇಕೆಂದೇ ಕೈಬಿಟ್ಟಿದ್ದರು. 2002ರಲ್ಲಿ ಅದೇ ಪತ್ರಿಕೆಯ ಓದುಗರು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳನ್ನು ಆರಿಸಿದಾಗ ‘ಪಿಂಕರ್ಟನ್’ 16ನೇ ಸ್ಥಾನದಲ್ಲಿತ್ತು.